ಹವಳ ಮುಚ್ಚಿಕೊಂಡರೆ ಮೊದಲು ಏನು ನೋಡಬೇಕು?

ಉಪ್ಪುನೀರಿನ ಪುಟ್ಟ ಟ್ಯಾಂಕ್ ಇಟ್ಟವರು ನನಗೆ ಕಳಿಸುವ ಫೋಟೋಗಳ ಜೊತೆ ಸಾಮಾನ್ಯವಾಗಿ ಒಂದೇ ಪ್ರಶ್ನೆ ಬರುತ್ತದೆ: "ಅಕ್ಕಾ, ಇದಕ್ಕೆ ಏನು ಹಾಕಲಿ?" ಫೋಟೋದಲ್ಲಿ ಗುಂಡಿಗಳ ಗೊಂಚಲಿನಂಥ ಜೋವಾಂಥಿಡ್ ಹವಳ ಮುಚ್ಚಿಕೊಂಡಿರುತ್ತದೆ, ಇಲ್ಲವೇ ಅಣಬೆಯಂಥ ಮಶ್ರೂಮ್ ಹವಳ ಮುದುಡಿರುತ್ತದೆ, ಇಲ್ಲವೇ ಲೆದರ್ ಹವಳ ಜೋತುಬಿದ್ದಿರುತ್ತದೆ. ನನ್ನ ಉತ್ತರ ಬದಲಾಗಿಲ್ಲ. ಇವತ್ತು ಏನೂ ಹಾಕಬೇಡಿ. ಹವಳದ ಜಾಗ ಬದಲಿಸಬೇಡಿ, ಅರ್ಧ ಟ್ಯಾಂಕ್ ನೀರು ಚೆಲ್ಲಬೇಡಿ. ಮೊದಲು ಕೂತು ನೋಡಿ, ಅಳೆಯಿರಿ, ಬರೆದಿಡಿ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬೆಂಗಳೂರಿನ ಮಲ್ಲೇಶ್ವರದ ನಮ್ಮ ಮನೆಯ ಹಜಾರದಲ್ಲಿ 60 ಲೀಟರಿನ ಟ್ಯಾಂಕ್ ಇದೆ. ಕಲ್ಲು, ಮರಳು ಕಳೆದರೆ ಅದರಲ್ಲಿ ನಿಜವಾಗಿ ಇರುವ ನೀರು 50 ಲೀಟರ್. ಎರಡು ಕ್ಲೌನ್ ಮೀನು, ಜೋವಾಂಥಿಡ್, ಮಶ್ರೂಮ್, ಒಂದು ಲೆದರ್, ಹಿಂಬದಿಯ ಕಲ್ಲಿನ ತುಂಬ ಗ್ರೀನ್ ಸ್ಟಾರ್ ಪಾಲಿಪ್. ಹವ್ಯಾಸಿಗಳು ಒಟ್ಟಾಗಿ 'ಸಾಫ್ಟೀಸ್' ಎಂದು ಕರೆಯುವ ಗುಂಪು ಇದು. ಇವು ಗಟ್ಟಿ ಜೀವಗಳು. ಇವು ಸೊರಗಿದರೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಒಂದಕ್ಕೋ, ಎಲ್ಲಕ್ಕೋ?

ಹುಡುಕುವುದನ್ನು ಇಲ್ಲಿಂದ ಶುರು ಮಾಡಿ. ಒಂದೇ ಹವಳ ಸೊರಗಿ ಉಳಿದವು ಅರಳಿಕೊಂಡಿದ್ದರೆ ನೀರನ್ನು ಸದ್ಯಕ್ಕೆ ಬಿಡಿ. ಆ ಹವಳದ ಜಾಗ, ಅದರ ಮೇಲೆ ಬೀಳುವ ಬೆಳಕು, ಅದಕ್ಕೆ ಬಡಿಯುವ ನೀರಿನ ಹರಿವು, ಅದನ್ನು ತಿನ್ನುವ ಹುಳು, ಪಕ್ಕದ ಹವಳದ ಕಾಟ, ಇಷ್ಟರಲ್ಲೇ ಉತ್ತರ ಇರುತ್ತದೆ. ಎಲ್ಲ ಹವಳಗಳೂ ಒಟ್ಟಿಗೆ ಮುಚ್ಚಿಕೊಂಡಿದ್ದರೆ ನೀರೇ ಕೆಟ್ಟಿದೆ. ಅದರ ಜೊತೆಗೆ ಮೀನೂ ಏದುಸಿರು ಬಿಡುತ್ತಾ ಮೇಲ್ಮೈಗೆ ಬರುತ್ತಿದ್ದರೆ ಅದು ತುರ್ತು: ಅಮೋನಿಯಾ, ಆಮ್ಲಜನಕದ ಕೊರತೆ, ವಿಪರೀತ ಬಿಸಿ ಅಥವಾ ವಿಷ. ಆಗ ಮಾತ್ರ ಕಾಯುವಂತಿಲ್ಲ. ಗಾಳಿ ಪಂಪ್ ಹಾಕಿ, ಸಿದ್ಧಪಡಿಸಿಟ್ಟ ಉಪ್ಪುನೀರಿನಿಂದ ಕಾಲು ಭಾಗ ಬದಲಿಸಿ, ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಆಮೇಲೆ ಕಾರಣ ಹುಡುಕಿ. ಆದರೆ ಗಾಳಿಯಲ್ಲೇ ಯಾವುದೋ ಸ್ಪ್ರೇ ಅಥವಾ ಹೊಗೆಯ ವಾಸನೆ ಇದ್ದರೆ ಗಾಳಿ ಪಂಪ್ ಬೇಡ; ಕಿಟಕಿ ತೆರೆದು, ಟ್ಯಾಂಕಿನೊಳಗೆ ನೀರು ಹರಿಸುವ ಪಂಪ್ ಆದ ವೇವ್‌ಮೇಕರನ್ನು ಮೇಲ್ಮೈ ಕಡೆಗೆ ತಿರುಗಿಸಿ.

ಇನ್ನೊಂದು ಮಾತು. ದೀಪ ಆರಿದ ಮೇಲೆ ಜೋವಾಂಥಿಡ್ ಮುಚ್ಚಿಕೊಳ್ಳುವುದು ಸಹಜ. ಲೆದರ್ ಹವಳ ಆಗಾಗ ಕೆಲವು ದಿನ ಪಾಲಿಪ್‌ಗಳನ್ನೆಲ್ಲ (ಮೈಮೇಲೆ ಹೂವಿನಂತೆ ಅರಳುವ ಪುಟ್ಟ ಬಾಯಿಗಳು) ಒಳಗೆಳೆದುಕೊಂಡು, ಮೈಮೇಲೆ ಮೇಣ ಸವರಿದಂಥ ಹೊಳಪು ಪೊರೆ ಕಟ್ಟಿಕೊಂಡು, ಆ ಪೊರೆಯನ್ನು ಕಳಚಿ ಮತ್ತೆ ಅರಳುತ್ತದೆ. ಪಾಚಿ, ಕೊಳೆ ಕೊಡವಿಕೊಳ್ಳಲು ಅದು ಮಾಡುವ ಕೆಲಸ ಇದು. ಈ ಹೊತ್ತಿನಲ್ಲಿ ಗಾಬರಿಯಾಗಿ ಔಷಧಿ ಹಾಕಿದವರ ಲೆದರ್‌ಗಳು ಸತ್ತದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಪೊರೆ ಕೊಚ್ಚಿಹೋಗುವಷ್ಟು ಹರಿವು ಬೀಳುವಂತೆ ವೇವ್‌ಮೇಕರ್ ತುಸು ಆ ಕಡೆ ತಿರುಗಿಸಿದರೆ ಸಾಕು.

ಉಪ್ಪಿನಂಶ, ಮತ್ತು ಅದನ್ನು ಅಳೆಯುವ ಮೀಟರು

ಎಲ್ಲ ಹವಳವೂ ಮುಚ್ಚಿದೆ ಎಂದಾದರೆ ಮೊದಲು ಉಪ್ಪಿನಂಶ ನೋಡಿ. 35 ಪಿಪಿಟಿ (ಸಾವಿರ ಭಾಗದಲ್ಲಿ ಇಷ್ಟು ಭಾಗ ಉಪ್ಪು) ಇರಬೇಕು, ಸ್ಪೆಸಿಫಿಕ್ ಗ್ರಾವಿಟಿಯಲ್ಲಿ, ಅಂದರೆ ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆಯಲ್ಲಿ, ಹೇಳುವುದಾದರೆ 1.026. ಚಿಕ್ಕ ಟ್ಯಾಂಕಿನಲ್ಲಿ ಇದು ಎಷ್ಟು ಬೇಗ ಏರುತ್ತದೆ ಎಂಬುದಕ್ಕೆ ಲೆಕ್ಕ ಹಾಕಿ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 50 ಲೀಟರಿನಲ್ಲಿ 5 ಲೀಟರ್ ಆವಿಯಾದರೆ 35 ಇದ್ದದ್ದು ಸುಮಾರು 39 ಆಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಒಣ ಹವೆಯಲ್ಲಿ, ಅದರಲ್ಲೂ ನೀರು ತಂಪಾಗಲೆಂದು ಮೇಲೆ ಫ್ಯಾನ್ ಇಟ್ಟಿದ್ದರೆ, ಊರಿಗೆಂದು ನಾಲ್ಕು ದಿನ ಬೀಗ ಹಾಕಿಕೊಂಡು ಹೋದರೂ ಸಾಕು, ಇಷ್ಟಾಗುತ್ತದೆ. ಯುಗಾದಿಗೆ ಹೋಗಿ ಬಂದವರ ಫೋಟೋಗಳು ನನಗೆ ಹೆಚ್ಚಾಗಿ ಬರುವುದು ಇದೇ ಕಾರಣಕ್ಕೆ. ಟ್ಯಾಂಕಿನ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿ, ದಿನಾ ಆ ಗೆರೆಯವರೆಗೆ ಸಿಹಿನೀರು ತುಂಬಿ. ಉಪ್ಪುನೀರಲ್ಲ, ಸಿಹಿನೀರು. ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್-ಅಪ್ ಸಾಧನ ಕೊಳ್ಳಲು ದುಡ್ಡಿದ್ದರೆ ಬೆಲೆಬಾಳುವ ಲೈಟಿಗಿಂತ ಮೊದಲು ಅದನ್ನು ಕೊಳ್ಳಿ.

ಏರಿದ್ದನ್ನು ಒಂದೇ ಏಟಿಗೆ ಇಳಿಸಬೇಡಿ. ದಿನಕ್ಕೆ ಒಂದು ಪಿಪಿಟಿಯಂತೆ ಇಳಿಸಿದರೆ ಹವಳಕ್ಕೆ ತಾಳಿಕೊಳ್ಳಲು ಸಾಧ್ಯ.

ಈಗ ಮೀಟರ್ ವಿಷಯ. ಲ್ಯಾಬಿನಲ್ಲಿ ನಾವು ಯಾವ ಯಂತ್ರದ ರೀಡಿಂಗನ್ನೂ ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಮಾದರಿ, ಓಡಿಸದೆ ನಂಬುವುದಿಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೂ ಅದೇ ಶಿಸ್ತು ಬೇಕು. ಬಹುತೇಕರು ಆರ್‌ಒ ನೀರು ಹಾಕಿ ಸೊನ್ನೆಗೆ ಹೊಂದಿಸಿ ಸುಮ್ಮನಾಗುತ್ತಾರೆ. ಸೊನ್ನೆಯಲ್ಲಿ ಸರಿಯಿದ್ದ ಮೀಟರ್ 35ರ ಹತ್ತಿರ ಎರಡು ಮೂರು ಅಂಕಿ ಆಚೀಚೆ ತೋರಿಸಬಹುದು. ನಮಗೆ ಬೇಕಾದದ್ದು 35ರಲ್ಲಿ ಸರಿಯಿರುವ ಮೀಟರ್. 35 ಪಿಪಿಟಿಯ ಕ್ಯಾಲಿಬ್ರೇಷನ್ ದ್ರಾವಣ ಕೊಳ್ಳಿ, ಸಿಗದಿದ್ದರೆ ಮನೆಯಲ್ಲೇ ಮಾಡಿ: 963.5 ಗ್ರಾಂ ಶುದ್ಧ ಆರ್‌ಒ ನೀರಿಗೆ 36.5 ಗ್ರಾಂ ಒಣಗಿದ ಪುಡಿ ಉಪ್ಪು. ರಿಫ್ರಾಕ್ಟೋಮೀಟರ್ ಇದನ್ನು 35 ಎಂದು ತೋರಿಸಬೇಕು. ತೂಕಕ್ಕೆ ಅಡುಗೆಮನೆಯ ತಕ್ಕಡಿ ಸಾಲದು. ಚಿನ್ನ ತೂಗಲು ಬಳಸುವಂಥ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಬೇಕು. ಈ ದ್ರಾವಣ ಮೀಟರ್ ಪರೀಕ್ಷೆಗೆ ಮಾತ್ರ. ಟ್ಯಾಂಕಿಗೆ ಅಡುಗೆ ಉಪ್ಪು ಎಂದಿಗೂ ಹಾಕಬಾರದು.

ಉಷ್ಣತೆ 25ರಿಂದ 26 ಡಿಗ್ರಿ ಇದ್ದರೆ ಚೆನ್ನ. 28 ದಾಟಿ ನಿಂತರೆ ಹವಳಗಳು ಬಳಲುತ್ತವೆ. ಬಿಸಿನೀರಿನಲ್ಲಿ ಆಮ್ಲಜನಕವೂ ಕಡಿಮೆ. ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ, ಆವಿ ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ಗಮನದಲ್ಲಿಡಿ.

ಅಡುಗೆಮನೆಯ ಆರ್‌ಒ ನೀರು ಸಾಕೇ?

ನನ್ನ ಮಟ್ಟಿಗೆ ನಮ್ಮ ಊರಿನ ಟ್ಯಾಂಕ್‌ಗಳ ಸಮಸ್ಯೆಗೆ ಮುಖ್ಯ ಬೇರು ಇದು. "ನಾನು ಆರ್‌ಒ ನೀರೇ ಹಾಕುವುದು" ಎಂದು ಎಲ್ಲರೂ ಹೇಳುತ್ತಾರೆ. ಯಾವ ಆರ್‌ಒ ಎಂದು ಕೇಳಬೇಕು. ಕುಡಿಯುವ ನೀರಿನ ಮನೆಯ ಆರ್‌ಒ ಯಂತ್ರ ಕುಡಿಯುವವರಿಗಾಗಿ ಮಾಡಿದ್ದು. ನೀರು ಸಪ್ಪೆಯಾಗಬಾರದೆಂದು ಅದರಲ್ಲಿ ಸಾಮಾನ್ಯವಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಇರುತ್ತದೆ. ಆರ್‌ಒ ಪೊರೆಯನ್ನು ಹಾಯದ ನೀರನ್ನು ಅದು ಸ್ವಲ್ಪ ಬೆರೆಸುತ್ತದೆ. ಇನ್ನು ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಈಚೆಗೆ ತಾಮ್ರದ ಕಾರ್ಟ್ರಿಜ್ ಕೂಡ ಇರುವ ಯಂತ್ರಗಳು ಬಂದಿವೆ. ತಾಮ್ರ ಮನುಷ್ಯರಿಗೆ ಒಳ್ಳೆಯದೆಂದು ಮಾರುತ್ತಾರೆ. ಹವಳ, ಸೀಗಡಿ, ಬಸವನಹುಳುವಿಗೆ ಅದು ಅತಿ ಸಣ್ಣ ಪ್ರಮಾಣದಲ್ಲೂ ವಿಷ. ದಿನಾ ಒಂದೊಂದು ಲೀಟರ್ ಸುರಿಯುತ್ತಾ ಹೋದರೆ ಆವಿಯಾಗುವುದು ನೀರು ಮಾತ್ರ, ತಾಮ್ರ ಟ್ಯಾಂಕಿನಲ್ಲೇ ಕೂಡುತ್ತಾ ಹೋಗುತ್ತದೆ. ರಾತ್ರಿ ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರನ್ನು ಬೆಳಗ್ಗೆ ಟ್ಯಾಂಕಿಗೆ ಹಾಕುವ ಮನೆಗಳೂ ಇವೆ. ಪರಿಣಾಮ ಅದೇ.

ಟಿಡಿಎಸ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಟಾಪ್-ಅಪ್ ನೀರನ್ನು ಇವತ್ತೇ ಅಳೆಯಿರಿ. ಸೊನ್ನೆ ಬರಬೇಕು. 40, 60 ಬಂದರೆ ಆ ನೀರು ಟ್ಯಾಂಕಿಗೆ ಆಗದು. ಟಿಡಿಎಸ್ ಕಂಟ್ರೋಲರ್, ಮಿನರಲ್ ಕಾರ್ಟ್ರಿಜ್, ತಾಮ್ರ ಯಾವುದೂ ಇಲ್ಲದ ಸಾದಾ ಆರ್‌ಒ, ಅದರಿಂದ ಹೊರಬಂದ ನೀರಿನಲ್ಲಿ ಉಳಿದ ಲವಣ ಹೀರಲು ಒಂದು ಡಿಐ ರೆಸಿನ್ ಕೊಳವೆ, ಇಷ್ಟೇ ಬೇಕಾದದ್ದು. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಆದ್ದರಿಂದ ಆರ್‌ಒಗೆ ಮೊದಲಿನ ಕಾರ್ಬನ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಗಡಸುತನ ಜಾಸ್ತಿ, ಕೆಲವು ಬಡಾವಣೆಗಳಲ್ಲಿ ನೈಟ್ರೇಟೂ ಜಾಸ್ತಿ. ನೈಟ್ರೇಟನ್ನು ಆರ್‌ಒ ಪೊರೆ ಉಳಿದ ಲವಣಗಳಷ್ಟು ಚೆನ್ನಾಗಿ ತಡೆಯುವುದಿಲ್ಲ. ರೆಸಿನ್ ಕೊಳವೆ ಬೇಕೇ ಬೇಕು ಎನ್ನುವುದು ಅದಕ್ಕೇ. ಮೀಟರ್ 1, 2 ತೋರಿಸಲು ಶುರುವಾದಾಗಲೇ ರೆಸಿನ್ ಬದಲಿಸಿ.

ಮಿಕ್ಕ ಪರೀಕ್ಷೆಗಳು

ಅಮೋನಿಯಾ ಸೊನ್ನೆ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆಲ್ಕಲಿನಿಟಿ (ನೀರಿನ ಪಿಎಚ್ ಏರಿಳಿಯದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ; ಡಿಕೆಎಚ್ ಅದರ ಅಳತೆ) 7ರಿಂದ 9 ಡಿಕೆಎಚ್ ನಡುವೆ ಎಲ್ಲಾದರೂ ಇರಲಿ, ಆದರೆ ವಾರವಾರವೂ ಅಲ್ಲೇ ಇರಲಿ. ಉಪ್ಪುನೀರು ತಯಾರಿಸಲು ಬಳಸುವ ಕೆಲವು ಸಾಲ್ಟ್ ಮಿಕ್ಸ್‌ಗಳಲ್ಲಿ ಇದು 11, 12 ಇರುತ್ತದೆ. ಟ್ಯಾಂಕಿನಲ್ಲಿ 7 ಇದ್ದು, ಹೊಸ ನೀರಿನಲ್ಲಿ 12 ಇದ್ದು, ನೀವು ಒಮ್ಮೆಗೇ ಅರ್ಧ ನೀರು ಬದಲಿಸಿದರೆ ಆ ಏರಿಳಿತವೇ ಹವಳಕ್ಕೆ ಪೆಟ್ಟು. "ನೀರು ಬದಲಿಸಿದ ಮಾರನೇ ದಿನದಿಂದ ಮುಚ್ಚಿಕೊಂಡಿದೆ" ಎನ್ನುವವರು ಹೊಸ ನೀರಿನ ಆಲ್ಕಲಿನಿಟಿಯನ್ನೂ ಅಳೆಯಿರಿ. ಕಡಿಮೆ ಇದ್ದರೆ ಅಡುಗೆ ಸೋಡಾ ಸಾಕು, ಬೇಕಿಂಗ್ ಪೌಡರ್ ಅಲ್ಲ. 50 ಲೀಟರ್ ನೀರಿಗೆ ಒಂದೂವರೆ ಗ್ರಾಂ ಸೋಡಾ ಸುಮಾರು 1 ಡಿಕೆಎಚ್ ಏರಿಸುತ್ತದೆ. ಆರ್‌ಒ ನೀರಿನಲ್ಲಿ ಕರಗಿಸಿ, ಹರಿವು ಇರುವ ಕಡೆ ನಿಧಾನವಾಗಿ ಸುರಿಯಿರಿ. ಒಂದು ದಿನಕ್ಕೆ ಅಷ್ಟೇ.

ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಆಸುಪಾಸು. ಸಾಫ್ಟೀಸ್ ಮಾತ್ರ ಇರುವ ಟ್ಯಾಂಕಿನಲ್ಲಿ ವಾರಕ್ಕೆ ಶೇ 10ರಿಂದ 15 ನೀರು ಬದಲಿಸುತ್ತಿದ್ದರೆ ಇವುಗಳ ಚಿಂತೆ ಬೇಡ. ಪಿಎಚ್ ಹಿಂದೆಯೂ ಓಡಬೇಡಿ; ಮುಚ್ಚಿದ ಕೋಣೆಯಲ್ಲಿ ಕೂಡುವ ಇಂಗಾಲದ ಡೈಆಕ್ಸೈಡ್ ಅದನ್ನು ಇಳಿಸುತ್ತದೆ, ಆದ್ದರಿಂದ ಕಿಟಕಿ ತೆರೆದಿಡಿ.

ನೈಟ್ರೇಟ್, ಫಾಸ್ಫೇಟ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಎರಡೂ ಸೊನ್ನೆ ಇದ್ದರೆ ನೀರು ಶುದ್ಧ ಎಂದು ಹಿಗ್ಗುವವರಿದ್ದಾರೆ. ಹವಳದ ಮೈಯೊಳಗೆ ಬದುಕುವ ಪಾಚಿ, ಅಂದರೆ ಜೂಕ್ಸಾಂಥೆಲ್ಲೆ, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ. ಆ ಪಾಚಿಗೂ ಗೊಬ್ಬರ ಬೇಕು. ಸೊನ್ನೆಯಾದರೆ ಹವಳ ಬಿಳಚಿಕೊಳ್ಳುತ್ತದೆ, ಮರಳಿನ ಮೇಲೆ ಗುಳ್ಳೆ ಕಟ್ಟಿದ ಕಂದು ಲೋಳೆ ಎಳೆಎಳೆಯಾಗಿ ಹಬ್ಬುತ್ತದೆ. ಅದು ಸಾಮಾನ್ಯವಾಗಿ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ, ತೊಲಗಿಸಲು ಬಹಳ ಕಷ್ಟ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇರಲಿ. ಸೊನ್ನೆ ಇದ್ದರೆ ಫಿಲ್ಟರಿನಲ್ಲಿ ಫಾಸ್ಫೇಟ್ ಹೀರಲು ಹಾಕಿದ ಹರಳು (ಮೀಡಿಯಾ) ಇದ್ದರೆ ತೆಗೆಯಿರಿ, ಮೀನಿಗೆ ಇನ್ನೊಂದು ಚಿಟಿಕೆ ಊಟ ಹಾಕಿ. ತೀರಾ ಹೆಚ್ಚಿದ್ದರೆ ಊಟ ಕಡಿಮೆ ಮಾಡಿ, ಫ್ರೋಜನ್ ಆಹಾರವನ್ನು ಜಾಲರಿಯಲ್ಲಿ ತೊಳೆದು ಹಾಕಿ, ಕಲ್ಲಿನ ಸಂದಿಯ ಕೊಳೆ ಹೀರಿ ತೆಗೆಯಿರಿ. ಟೆಸ್ಟ್ ಕಿಟ್ ಬಾಟಲಿಯ ಮೇಲಿನ ಎಕ್ಸ್‌ಪೈರಿ ನೋಡುವುದನ್ನು ಮರೆಯಬೇಡಿ.

ಮನೆಯೊಳಗಿನ ವಿಷ

ಎಲ್ಲ ಅಳತೆಯೂ ಸರಿಯಿದೆ, ಆದರೂ ಎಲ್ಲ ಹವಳವೂ ರಾತ್ರೋರಾತ್ರಿ ಮುದುಡಿವೆ. ಹಾಗಿದ್ದರೆ ಮನೆಯವರನ್ನು ಕೇಳಿ: ನಿನ್ನೆ ಏನಾದರೂ ಸಿಂಪಡಿಸಿದಿರಾ? ಸೊಳ್ಳೆಬತ್ತಿ, ಪ್ಲಗ್‌ಗೆ ಹಾಕುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ. ಅದು ಮೀನಿಗೂ ಅಕಶೇರುಕಗಳಿಗೂ ಘೋರ ವಿಷ. ಗಾಳಿ ಪಂಪ್ ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ಊದುತ್ತವೆ ಎಂಬುದನ್ನು ನೆನಪಿಡಿ. ಹಜಾರದಲ್ಲಿ ಸೊಳ್ಳೆಪರದೆ, ಕಿಟಕಿಗೆ ಜಾಲರಿ, ಇಷ್ಟೇ ನಮ್ಮ ಮನೆಯ ವ್ಯವಸ್ಥೆ. ಪೆಸ್ಟ್ ಕಂಟ್ರೋಲ್ ಮಾಡಿಸಲೇಬೇಕಾದರೆ ಸ್ಪ್ರೇ ಬದಲು ಜೆಲ್ ಕೇಳಿ. ಬೀದಿಯಲ್ಲಿ ಫಾಗಿಂಗ್ ಗಾಡಿ ಬಂದರೆ ಕಿಟಕಿ ಮುಚ್ಚಿ, ಸ್ಕಿಮ್ಮರ್ ಆರಿಸಿ, ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಹೊದಿಸಿ. ನೀರೊಳಗಿನ ವೇವ್‌ಮೇಕರ್ ಓಡುತ್ತಿರಲಿ. ಆಯುಧಪೂಜೆಯ ಹೊತ್ತಿಗೆ ಮನೆಯೆಲ್ಲ ತೊಳೆಯುವಾಗ ಫಿನಾಯಿಲ್ ಬಕೆಟ್ಟಿಗೂ ಟ್ಯಾಂಕ್ ಬಕೆಟ್ಟಿಗೂ ಬೆರಕೆಯಾಗದಿರಲಿ. ಟ್ಯಾಂಕಿನ ಬಕೆಟ್ ಮೇಲೆ ದೊಡ್ಡದಾಗಿ ಬರೆದಿಡಿ. ಕೊಬ್ಬರಿ ಎಣ್ಣೆ, ಸೋಪು, ಸ್ಯಾನಿಟೈಸರ್ ಇದ್ದ ಕೈಯನ್ನು ಮೊಣಕೈವರೆಗೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆದೇ ಒಳಗೆ ಹಾಕಬೇಕು.

ಹೀಟರ್ ಬಿರುಕು, ಅಯಸ್ಕಾಂತದ ಗಾಜೊರಸಿಗೆ ಹಿಡಿದ ತುಕ್ಕು, ಪಂಪಿನ ಮೇಲಿನ ತುಕ್ಕಿನ ಮೊಳೆ ಇವನ್ನೂ ಒಮ್ಮೆ ನೋಡಿಬಿಡಿ.

ಒಂದೇ ಹವಳ ಸೊರಗಿದ್ದರೆ

ಬೆಳಕನ್ನು ಹವಳದ ಆಕಾರದಲ್ಲೇ ಓದಬಹುದು. ಜೋವಾಂಥಿಡ್‌ನ ಕಾಂಡ ಉದ್ದುದ್ದ ಬೆಳೆದು ಮೇಲಕ್ಕೆ ಚಾಚಿಕೊಂಡರೆ ಬೆಳಕು ಸಾಲದು. ಬಣ್ಣ ಮಾಸಿ ಕಂದಾಗಿದ್ದರೂ ಹೆಚ್ಚಾಗಿ ಅದೇ. ಮಶ್ರೂಮ್ ಬಿಳಚಿ, ಚಿಕ್ಕದಾಗಿ, ಅಂಚು ಮೇಲಕ್ಕೆ ಮಡಚಿ ಬಟ್ಟಲಿನಂತಾದರೆ ಬೆಳಕು ಹೆಚ್ಚು. ಅದನ್ನು ಕೆಳಗಿನ ನೆರಳಿಗೆ ಇಳಿಸಿ. ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಯಾರ ಬಳಿಯಾದರೂ ಎರವಲು ಸಿಕ್ಕರೆ ಅಳೆಯಿರಿ: ಮಶ್ರೂಮಿಗೆ 50ರ ಆಸುಪಾಸು, ಜೋವಾಂಥಿಡ್ ಮತ್ತು ಲೆದರ್‌ಗೆ 100ರ ಆಸುಪಾಸು ಸಾಕು. ಹೊಸ ಎಲ್‌ಇಡಿ ಹಾಕಿದಾಗ ಅರ್ಧ ಬೆಳಕಿನಿಂದ ಶುರುಮಾಡಿ ಮೂರು ನಾಲ್ಕು ವಾರದಲ್ಲಿ ಏರಿಸಿ. ಜಾಗ ಬದಲಿಸಿದರೆ ಎರಡು ವಾರ ಮುಟ್ಟಬೇಡಿ. ದಿನಕ್ಕೊಂದು ಕಡೆ ಇಟ್ಟು ನೋಡುವುದರಿಂದ ಹವಳ ಬಳಲುತ್ತದೆ ಅಷ್ಟೇ.

ಬೆಳಕು ಸರಿ, ಹರಿವು ಸರಿ, ಆದರೂ ಒಂದೇ ಜೋವಾಂಥಿಡ್ ಗುಂಪು ಮುಚ್ಚಿದ್ದರೆ ರಾತ್ರಿ ನೋಡಬೇಕು. ದೀಪ ಆರಿ ಎರಡು ಗಂಟೆ ಕಳೆದ ಮೇಲೆ, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ಭೂತಗನ್ನಡಿ ಹಿಡಿದು ಗಾಜಿಗೆ ಮುಖ ತಾಗಿಸಿ ಕೂರಿ. ಜೋವಾಂಥಿಡ್ ತಿನ್ನುವ ನುಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು, ತಾನು ತಿಂದ ಪಾಲಿಪ್‌ನ ಬಣ್ಣವನ್ನೇ ಹೊತ್ತಿರುತ್ತದೆ. ಮುಚ್ಚಿದ ಪಾಲಿಪ್‌ನ ಪಕ್ಕದಲ್ಲಿ ಕೂತರೆ ಅದೂ ಒಂದು ಪಾಲಿಪ್ ಎಂದೇ ಕಾಣುತ್ತದೆ. ಅಲ್ಲಾಡದೆ ನೋಡುತ್ತಿದ್ದರೆ ಮಾತ್ರ ಬೆನ್ನಿನ ಮೇಲಿನ ಗರಿಯಂಥ ಎಳೆಗಳು ಓಲಾಡುವುದು, ಅದು ಕೂದಲೆಳೆಯಷ್ಟು ಮುಂದೆ ಸರಿಯುವುದು ಗೊತ್ತಾಗುತ್ತದೆ. ಪಾಲಿಪ್‌ಗಳ ಬುಡದಲ್ಲಿ ಬಿಳಿ ಲೋಳೆಯ ಸುರುಳಿ ಕಂಡರೆ ಅದರ ಮೊಟ್ಟೆ. ಚಪ್ಪಟೆಯಾಗಿ ಸುತ್ತಿದ, ಕಪ್ಪುಬಿಳಿ ಚೌಕಳಿಯ ಚಿಪ್ಪಿನ ಸನ್‌ಡಯಲ್ ಬಸವನಹುಳುವೂ ಇವನ್ನೇ ತಿನ್ನುತ್ತದೆ. ಕೈಯಲ್ಲಿ ಹೆಕ್ಕಿ ತೆಗೆಯಿರಿ. ಆಮೇಲೆ ಹವಳವಿರುವ ಕಲ್ಲನ್ನು ಟ್ಯಾಂಕಿನದೇ ನೀರಿರುವ ಡಬ್ಬಿಯಲ್ಲಿ ಇಟ್ಟು, ಅಯೋಡಿನ್ ಡಿಪ್ (ಹುಳು ಬಿಡಿಸಲು ಹವಳವನ್ನು ಅದ್ದುವ ದ್ರಾವಣ) ಅಥವಾ ಹವಳಕ್ಕೆಂದೇ ಮಾರುವ ಡಿಪ್ ಅನ್ನು ಲೇಬಲ್ ಹೇಳಿದಷ್ಟೇ ಹಾಕಿ ಅದ್ದಿ. ಡಿಪ್ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮೊಟ್ಟೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು, ವಾರ ಬಿಟ್ಟು ಮತ್ತೆ ಅದ್ದಬೇಕು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಜೋವಾಂಥಿಡ್, ಅದರಲ್ಲೂ ಪಾಲಿಥೋವಾ ಜಾತಿಯವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಅತಿ ಘೋರ ವಿಷ ಇರಬಹುದು. ಮುಟ್ಟುವಾಗ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಕೆಲಸ ಮುಂದೂಡಿ. ಹವಳ ಸತ್ತುಹೋದ ಕಲ್ಲನ್ನು ಶುಚಿ ಮಾಡಲೆಂದು ಕುದಿಯುವ ನೀರಿಗೆ ಹಾಕಲೇಬಾರದು, ಬಿಸಿನೀರನ್ನೂ ಸುರಿಯಬಾರದು, ಒಣಗಿದ ಮೇಲೆ ಉಜ್ಜಬಾರದು. ಆವಿಯ ಜೊತೆ ವಿಷ ಏರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಲೆದರ್ ಹವಳ ಪಕ್ಕದವರನ್ನು ರಾಸಾಯನಿಕ ಬಿಟ್ಟು ಓಡಿಸುತ್ತದೆ. ಅದರಿಂದ ಹರಿದ ನೀರು ಬೀಳುವ ಕಡೆಯ ಹವಳವೇ ಸೊರಗಿದ್ದರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಎರಡು ಮೂರು ವಾರಕ್ಕೊಮ್ಮೆ ಬದಲಿಸಿ. ಲೆದರ್‌ನ ಒಂದು ಭಾಗ ಕಪ್ಪಾಗಿ ಕೊಳೆತು ನಾರುತ್ತಿದ್ದರೆ ಹೊಸ ಬ್ಲೇಡಿನಿಂದ ಅದಕ್ಕೂ ತುಸು ಒಳಗೆ, ಗಟ್ಟಿ ಮಾಂಸದವರೆಗೆ ಕತ್ತರಿಸಿ. ಟ್ಯಾಂಕಿನೊಳಗೆ ಬೇಡ, ಹೊರಗೆ ಡಬ್ಬಿಯಲ್ಲಿ. ಉಳಿದ ಭಾಗ ಚೇತರಿಸಿಕೊಳ್ಳುತ್ತದೆ. ಕಲ್ಲು ಬಿಟ್ಟು ತೇಲುವ ಮಶ್ರೂಮನ್ನು ಚೂರುಕಲ್ಲು ಹಾಕಿದ ಬಟ್ಟಲಲ್ಲಿಟ್ಟು ಮೇಲೆ ಬಲೆಬಟ್ಟೆ ಕಟ್ಟಿ. ಹರಿವು ಕಡಿಮೆ ಇರುವ ಮೂಲೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಕಲ್ಲು ಹಿಡಿಯುತ್ತದೆ.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ತಾರೀಖಿನೊಂದಿಗೆ ಬರೆಯಿರಿ. ಪುಸ್ತಕದಲ್ಲಿ ನಾನು ಬರೆಯುವುದು ಉಪ್ಪು, ಉಷ್ಣತೆ, ಆಲ್ಕಲಿನಿಟಿ, ನೈಟ್ರೇಟ್, ಫಾಸ್ಫೇಟ್, ಟಾಪ್-ಅಪ್ ನೀರಿನ ಟಿಡಿಎಸ್, ಪಕ್ಕದಲ್ಲಿ ಮನೆಯಲ್ಲಿ ಆದ ವಿಶೇಷ: ಕರೆಂಟ್ ಹೋದದ್ದು, ಪೇಂಟ್ ಮಾಡಿಸಿದ್ದು, ನೆಂಟರು ಬಂದದ್ದು. ಕಾರಣ ಸರಿಯಾಗಿ ಹಿಡಿದಿದ್ದರೆ ಜೋವಾಂಥಿಡ್ ಕೆಲವು ದಿನಗಳಲ್ಲಿ ಒಂದೊಂದಾಗಿ ತೆರೆಯುತ್ತದೆ, ಲೆದರ್ ಮೊದಲಿನಂತೆ ನಿಲ್ಲಲು ವಾರಗಳೇ ಬೇಕು.

ಸತ್ತುಹೋದದ್ದರ ಜಾಗಕ್ಕೆ ಹೊಸದು ತರುವಾಗ ಎರಡು ಮಾತು ನೆನಪಿರಲಿ. ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಇವೆಲ್ಲ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಡೈವ್ ಮಾಡಿದಾಗ ಆಗಲಿ, ಲಕ್ಷದ್ವೀಪಕ್ಕೆ ಹೋದಾಗ ಆಗಲಿ, ಸತ್ತ ತುಂಡನ್ನೂ ತರುವಂತಿಲ್ಲ. "ಕಡಲಿಂದ ಈಗಷ್ಟೇ ಬಂದದ್ದು" ಎಂದು ಕಡಿಮೆ ಬೆಲೆಗೆ ಮಾರುವವರಿಂದ ಕೊಳ್ಳಬೇಡಿ. ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲೇ ಬೆಳೆದ ಸಾಫ್ಟೀಸ್ ತುಣುಕು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತರುವಾಗ ಅವರ ಟ್ಯಾಂಕಿನ ಉಪ್ಪಿನಂಶ, ಆಲ್ಕಲಿನಿಟಿ ಎಷ್ಟು, ಅದು ಬೆಳಕಿಗೆ ಎಷ್ಟು ದೂರದಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ. ಮನೆಗೆ ಬಂದೊಡನೆ ಡಿಪ್ ಮಾಡಿ, ಅದು ಅಂಟಿಕೊಂಡಿದ್ದ ಪುಟ್ಟ ಬಿಲ್ಲೆಯನ್ನು (ಪ್ಲಗ್) ಎಸೆದು ಹೊಸ ಕಲ್ಲಿಗೆ ಅಂಟಿಸಿ, ಮೊದಲ ವಾರ ಮರಳಿನ ಮೇಲೆ, ನೆರಳಿನ ಕಡೆ ಇಡಿ.